ಮೊಬೈಲ್ ಆ್ಯಪ್: ಕಲ್ಪನೆಯಿಂದ ಬಳಕೆಯವರೆಗೆ

ರೈತ ಯುವಕರೂ ಉತ್ಪಾದಕರ ಸಂಘಗಳೂ ಹಣ ಹೂಡುವ ಮುನ್ನ ತಿಳಿದಿರಬೇಕಾದ ವಿಷಯಗಳು



ಬೆಂಗಳೂರಿನ ಪೂರ್ವಕ್ಕಿರುವ ಕೃಷ್ಣರಾಜಪುರ, ಬಿದರಹಳ್ಳಿ, ಹೊಸಕೋಟೆ, ಮಾಲೂರು ಭಾಗದ ಬೇಸಾಯಗಾರರು ತಲೆಮಾರುಗಳಿಂದ ನಗರದ ದಂಡು ಪ್ರದೇಶಕ್ಕೆ ಸೊಪ್ಪು, ತರಕಾರಿ, ಹೂವು ಒದಗಿಸುತ್ತ ಬಂದವರು. 1927ರಲ್ಲಿ ಕಟ್ಟಿದ ಶಿವಾಜಿನಗರದ ರಸೆಲ್ ಮಾರುಕಟ್ಟೆ, ಹಲಸೂರಿನ ಅಂಗಡಿಬೀದಿ, ಕೆ.ಆರ್.ಪುರದ ಸಂತೆ ಇವೆಲ್ಲ ನಿಮಗೆ ಹೊಸವಲ್ಲ. ಈಗ ಅದೇ ಮನೆಗಳ ಮಕ್ಕಳಲ್ಲಿ ಅನೇಕರು ಬೆಳಗಾದರೆ ಇಂದಿರಾನಗರ, ವೈಟ್‌ಫೀಲ್ಡ್ ಕಡೆಯ ತಂತ್ರಾಂಶ ಕಚೇರಿಗಳಿಗೆ ಹೊರಡುತ್ತಾರೆ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಮೊದಲು ಓಡಿದ ಮೆಟ್ರೊ, 2023ರಲ್ಲಿ ಕೆ.ಆರ್.ಪುರವನ್ನೂ ವೈಟ್‌ಫೀಲ್ಡನ್ನೂ ಕೂಡಿಸಿಕೊಂಡ ಮೇಲೆ ಊರಿಗೂ ಕಚೇರಿಗೂ ಇದ್ದ ದೂರ ಇನ್ನೂ ಕಡಿಮೆಯಾಗಿದೆ.

ಇಂಥ ಯುವಕರು ರಜೆಯ ದಿನ ತಂದೆಯ ಜೊತೆ ತೋಟಕ್ಕೆ ಹೋದಾಗ ಅವರ ಮನಸ್ಸಿನಲ್ಲಿ ಒಂದು ಮಾತು ಹುಟ್ಟುವುದು ಸಹಜ: "ಇದಕ್ಕೆ ಒಂದು ಆ್ಯಪ್ ಮಾಡಿದರೆ ಹೇಗೆ?" ರೈತ ಉತ್ಪಾದಕರ ಕಂಪನಿಗಳ ಸಭೆಗಳಲ್ಲಿಯೂ ಈ ಪ್ರಶ್ನೆ ಬರುತ್ತಿದೆ. ಪ್ರಶ್ನೆ ಒಳ್ಳೆಯದೇ. ಆದರೆ ಅದರ ಹಿಂದೆಯೇ ಹಣದ ಮಾತು ಬರುತ್ತದೆ. ಮನೆಯ ಉಳಿತಾಯ, ಸಂಘದ ಷೇರು ಹಣ, ಕೆಲವೊಮ್ಮೆ ಅಡವಿಟ್ಟ ಒಡವೆ ಇದಕ್ಕೆ ಹೋಗಬಹುದು. ಆದುದರಿಂದ ಕಲ್ಪನೆಯೊಂದು ಹತ್ತಾರು ಜನ ದಿನನಿತ್ಯ ಬಳಸುವ ವಸ್ತುವಾಗಲು ಯಾವ ಯಾವ ಹಂತಗಳನ್ನು ದಾಟಬೇಕು, ಯಾವ ಹಂತದಲ್ಲಿ ಎಷ್ಟು ಖರ್ಚು ಮಾಡಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೊಸ ತಳಿಯೂ ಹೊಸ ಆ್ಯಪೂ

ಹೊಸ ತಳಿಯೊಂದು ನಿಮ್ಮ ಹೊಲಕ್ಕೆ ಹೇಗೆ ಬರುತ್ತದೆಂದು ನಿಮಗೆ ಗೊತ್ತು. ಡಾ. ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದರು. ಹಾಗೆ ಕೂಡಿಸಬಹುದು ಎಂಬ ಯೋಚನೆಯೇ ತಳಿಯಾಗಲಿಲ್ಲ. ಸಂಕರಣ ಮಾಡಿ, ಪೀಳಿಗೆಯಿಂದ ಪೀಳಿಗೆಗೆ ಆರಿಸಿ, ಕೇಂದ್ರದ ತಾಕುಗಳಲ್ಲಿ ಬೆಳೆದು, ಬೇರೆ ಬೇರೆ ಸ್ಥಳಗಳಲ್ಲಿ ಪರೀಕ್ಷಿಸಿ, ರೈತರ ಹೊಲದಲ್ಲಿ ನೋಡಿ, ಆಮೇಲಷ್ಟೇ ಬೀಜೋತ್ಪಾದನೆಗೆ ಕೈಹಾಕಲಾಗುತ್ತದೆ. ಪ್ರತಿ ಹಂತದಲ್ಲಿಯೂ ಕೈಬಿಟ್ಟ ಸಾಲುಗಳೇ ಹೆಚ್ಚು, ಉಳಿಸಿಕೊಂಡವು ಕಡಿಮೆ. ಕೈಬಿಡುವುದು ಮೊದಲ ಹಂತಗಳಲ್ಲಿಯೇ ಆದರೆ ಖರ್ಚು ಕಡಿಮೆ. ಬೀಜವನ್ನು ಸಾವಿರಾರು ಎಕರೆಗೆ ಹಂಚಿದ ಮೇಲೆ ಕೈಬಿಡಬೇಕಾದರೆ ನಷ್ಟ ಎಲ್ಲರದು.

ಆ್ಯಪಿನ ಕೆಲಸವೂ ಇದೇ ಕ್ರಮದಲ್ಲಿ ನಡೆಯಬೇಕು. ಸಾಮಾನ್ಯವಾಗಿ ನಡೆಯುವುದು ಬೇರೆ. ಕಲ್ಪನೆ ಬಂದ ವಾರವೇ ಪ್ರೋಗ್ರಾಂ ಬರೆಯುವವರಿಗೆ ಮುಂಗಡ ಕೊಡಲಾಗುತ್ತದೆ. ತಾಕಿನ ಪರೀಕ್ಷೆಯಿಲ್ಲದೆ ನೇರವಾಗಿ ಬೀಜೋತ್ಪಾದನೆಗೆ ಇಳಿದಂತೆ ಇದು.

ಇನ್ನೊಂದು ಮಾತು. "ನನ್ನ ಕಲ್ಪನೆಯನ್ನು ಯಾರಾದರೂ ಕದ್ದಾರು" ಎಂದು ಅನೇಕರು ಬಾಯಿ ಬಿಡುವುದೇ ಇಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆ ಬರೆದ ಪ್ರೋಗ್ರಾಮಿಗೆ ರಕ್ಷಣೆ ಕೊಡುತ್ತದೆ, ಬರಿಯ ಕಲ್ಪನೆಗೆ ಕೊಡುವುದಿಲ್ಲ. 1970ರ ಪೇಟೆಂಟ್ ಕಾಯಿದೆಯೂ ಕೇವಲ ಕಂಪ್ಯೂಟರ್ ಪ್ರೋಗ್ರಾಮನ್ನು ಪೇಟೆಂಟಿನಿಂದ ಹೊರಗಿಟ್ಟಿದೆ. ಕಲ್ಪನೆಯನ್ನು ಮುಚ್ಚಿಟ್ಟು ಆಗುವ ಲಾಭ ಅಲ್ಪ. ಹತ್ತು ಜನ ಬೆಳೆಗಾರರ ಮುಂದೆ ಹೇಳಿ, ಅವರ ಆಕ್ಷೇಪಣೆ ಕೇಳಿಸಿಕೊಳ್ಳುವುದರಿಂದ ಆಗುವ ಲಾಭ ದೊಡ್ಡದು.

ನಗರದ ಒಂದು ಉದಾಹರಣೆ

ಇಂದಿರಾನಗರ, ದೊಮ್ಮಲೂರು ಕಡೆಯ ನಿವಾಸಿಗಳಿಗೆ 'ಡಂಜೊ' ಎಂಬ ಹೆಸರು ಕೆಲವು ವರ್ಷ ಮನೆಮಾತಾಗಿತ್ತು. ಅಂಗಡಿಯಿಂದ ಸಾಮಾನು ತರುವುದು, ಮರೆತ ಬೀಗದ ಕೈಯನ್ನು ಕಚೇರಿಗೆ ಮುಟ್ಟಿಸುವುದು, ಔಷಧಿ ತಂದುಕೊಡುವುದು ಮುಂತಾದ ಸಣ್ಣಪುಟ್ಟ ಕೆಲಸಗಳನ್ನು ಮಾಡಿಸಿಕೊಡುವ ಸೇವೆ ಅದು. ಕಬೀರ್ ಬಿಸ್ವಾಸ್ ಅವರು 2015ರ ಹೊತ್ತಿಗೆ ಇದನ್ನು ಬೆಂಗಳೂರಿನಲ್ಲಿ ಆರಂಭಿಸಿದಾಗ ಅದಕ್ಕೆ ಆ್ಯಪೇ ಇರಲಿಲ್ಲ. ವಾಟ್ಸಾಪಿನಲ್ಲಿ ಗಿರಾಕಿಗಳು ಸಂದೇಶ ಕಳಿಸುವರು, ಅದನ್ನು ಓದಿ ಜನ ಓಡಾಡಿ ಕೆಲಸ ಮುಗಿಸುವರು. ಯಾವ ಕೆಲಸಕ್ಕೆ ಹೆಚ್ಚು ಬೇಡಿಕೆ, ಎಷ್ಟು ಹೊತ್ತು ಹಿಡಿಯುತ್ತದೆ, ಜನ ಎಷ್ಟು ಕೊಡಲು ಒಪ್ಪುತ್ತಾರೆ ಎಂಬುದು ಈ ಕೈಕೆಲಸದಿಂದಲೇ ತಿಳಿಯಿತು. ಆ್ಯಪ್ ಬಂದದ್ದು ಆಮೇಲೆ. 2017ರ ಡಿಸೆಂಬರಿನಲ್ಲಿ ಗೂಗಲ್ ಸಂಸ್ಥೆ ಸುಮಾರು 1.2 ಕೋಟಿ ಡಾಲರ್ ಹೂಡಿಕೆಯಲ್ಲಿ ಮುಂದಾಯಿತು. ಈ ಭಾಗದಿಂದ ರೈತ ಯುವಕರು ಕಲಿಯಬೇಕಾದದ್ದು ಬಹಳ: ಮೊದಲು ಕೈಯಿಂದ ಮಾಡಿ ನೋಡುವುದು.

ಕಥೆಯ ಎರಡನೆಯ ಭಾಗವನ್ನೂ ತಿಳಿಯಬೇಕು. 2021ರಲ್ಲಿ ಕಂಪನಿಯು ತನ್ನದೇ ಸಣ್ಣ ಸಣ್ಣ ಉಗ್ರಾಣಗಳನ್ನಿಟ್ಟು ದಿನಸಿಯನ್ನು ಕೆಲವೇ ನಿಮಿಷಗಳಲ್ಲಿ ಮನೆಗೆ ತಲುಪಿಸುವ ವ್ಯವಹಾರಕ್ಕೆ ಇಳಿಯಿತು. 2022ರ ಜನವರಿಯಲ್ಲಿ 24 ಕೋಟಿ ಡಾಲರ್ ಬಂಡವಾಳ ಬಂದಿತು. ಅದರಲ್ಲಿ 20 ಕೋಟಿ ಡಾಲರ್ ರಿಲಯನ್ಸ್ ರೀಟೇಲ್ ಸಂಸ್ಥೆಯದು. ಉಗ್ರಾಣದ ಬಾಡಿಗೆ, ಸಂಬಳ, ಜಾಹೀರಾತು ಎಲ್ಲವೂ ಏರಿದವು. ಆದಾಯ ಆ ವೇಗದಲ್ಲಿ ಏರಲಿಲ್ಲ. 2023ರಲ್ಲಿ ನೌಕರರ ಸಂಬಳವೇ ತಡವಾಗತೊಡಗಿತು. 2025ರ ಜನವರಿಯಲ್ಲಿ ಆ್ಯಪ್ ನಿಂತುಹೋಯಿತು. ಜನ ಮೆಚ್ಚಿ ಬಳಸುತ್ತಿದ್ದ ವಸ್ತುವೇ ಆದರೂ, ಪ್ರತಿ ಬಾರಿ ಮುಟ್ಟಿಸಿದಾಗ ಬರುವ ಹಣಕ್ಕಿಂತ ಹೋಗುವ ಹಣ ಹೆಚ್ಚಾದರೆ ಎಷ್ಟು ಬಂಡವಾಳ ಸುರಿದರೂ ಸಾಲದು. ಇಳುವರಿ ನೋಡಿ ಖುಷಿಪಟ್ಟು ಬೇಸಾಯದ ಖರ್ಚಿನ ಲೆಕ್ಕ ಬರೆಯದ ರೈತನ ಸ್ಥಿತಿಯೂ ಇಂಥದೇ.

ಇನ್ನು ಹಂತಗಳನ್ನು ಒಂದೊಂದಾಗಿ ನೋಡೋಣ. ವಿವರಣೆಗಾಗಿ ಒಂದು ಕಲ್ಪನೆಯನ್ನು ಇಟ್ಟುಕೊಳ್ಳೋಣ: ಹೊಸಕೋಟೆ ಕಡೆಯ ಸೊಪ್ಪು ಬೆಳೆಗಾರರು ನಸುಕಿನಲ್ಲಿ ಶಿವಾಜಿನಗರಕ್ಕೂ ಕೆ.ಆರ್.ಪುರಕ್ಕೂ ಬೇರೆ ಬೇರೆಯಾಗಿ ಗೂಡ್ಸ್ ಆಟೊ ಹಿಡಿಯುತ್ತಾರೆ. ಅರ್ಧ ಖಾಲಿ ಗಾಡಿಗೆ ಪೂರ್ತಿ ಬಾಡಿಗೆ ಕೊಡುತ್ತಾರೆ. ಒಂದೇ ಕಡೆ ಹೋಗುವವರನ್ನು ಕೂಡಿಸಿಕೊಡುವ ಒಂದು ಆ್ಯಪ್ ಇದ್ದರೆ?

ಮೊದಲನೆಯ ಹಂತ: ತೊಂದರೆಯನ್ನು ಅಳೆಯುವುದು

ಮಣ್ಣು ಪರೀಕ್ಷೆಯಿಲ್ಲದೆ ಗೊಬ್ಬರ ಹಾಕಬಾರದೆಂದು ನಾವು ಹೇಳುತ್ತಲೇ ಬಂದಿದ್ದೇವೆ. ಇಲ್ಲಿಯೂ ಹಾಗೆಯೇ. ಕನಿಷ್ಠ 20 ಮಂದಿ ಬೆಳೆಗಾರರನ್ನೂ 5 ಮಂದಿ ಗಾಡಿ ಚಾಲಕರನ್ನೂ ಅವರಿರುವ ಕಡೆಗೇ ಹೋಗಿ ಕಂಡು ಮಾತನಾಡಿ. ಪ್ರಶ್ನೆ ಕೇಳುವ ರೀತಿ ಬಹಳ ಮುಖ್ಯ. "ಇಂಥ ಆ್ಯಪ್ ಬಂದರೆ ಬಳಸುತ್ತೀರಾ ಗೌಡರೇ?" ಎಂದರೆ, "ಅದಕ್ಕೇನಪ್ಪ, ಆಗಲಿ" ಎಂಬ ಉತ್ತರವೇ ಬರುತ್ತದೆ. ಮನೆಗೆ ಬಂದ ಹುಡುಗನ ಮನಸ್ಸು ನೋಯಿಸಲು ಯಾರೂ ಇಷ್ಟಪಡುವುದಿಲ್ಲ. ಆ ಉತ್ತರ ನಂಬಿ ಹಣ ಹೂಡಬೇಡಿ. ನಡೆದುಹೋದ ಸಂಗತಿಯನ್ನು ಕೇಳಿ:

1. ಹೋದ ವಾರ ಎಷ್ಟು ಸಲ ಪೇಟೆಗೆ ಹೋದಿರಿ? ಯಾವ ಪೇಟೆಗೆ?
2. ಪ್ರತಿ ಸಲ ಗಾಡಿಗೆ ಎಷ್ಟು ಕೊಟ್ಟಿರಿ?
3. ಪಕ್ಕದ ತೋಟದವರೊಡನೆ ಕೂಡಿ ಹೋಗಲು ಹಿಂದೆ ಪ್ರಯತ್ನಿಸಿದ್ದುಂಟೆ? ಏಕೆ ನಿಂತುಹೋಯಿತು?
4. ಮನೆಯಲ್ಲಿ ಮೊಬೈಲ್ ಯಾರ ಕೈಯಲ್ಲಿರುತ್ತದೆ? ಕರೆನ್ಸಿ ಹಾಕಿಸುವವರು ಯಾರು?

ಮೂರನೆಯ ಪ್ರಶ್ನೆಯ ಉತ್ತರದಲ್ಲಿಯೇ ನಿಜವಾದ ವಿಷಯ ಅಡಗಿರುವ ಸಂಭವ ಹೆಚ್ಚು. "ಅವರ ಕೊತ್ತಂಬರಿ ಕೀಳುವುದು ತಡ, ನನ್ನ ದಂಟು ಬಾಡಿಹೋಗುತ್ತೆ" ಎಂದು ಒಬ್ಬರು ಹೇಳಬಹುದು. "ಅವರ ಮಂಡಿಯವನೇ ಬೇರೆ, ನನ್ನವನೇ ಬೇರೆ" ಎಂದು ಇನ್ನೊಬ್ಬರು ಹೇಳಬಹುದು. ಹಾಗಾದರೆ ತೊಂದರೆಯಿರುವುದು ಗಾಡಿ ಸಿಗದಿರುವುದರಲ್ಲಿ ಅಲ್ಲ, ಹೊತ್ತು ಹೊಂದದಿರುವುದರಲ್ಲಿ. ಅದಕ್ಕೆ ಬೇರೆಯೇ ಪರಿಹಾರ ಬೇಕು. ಈ ಹಂತಕ್ಕೆ ತಗಲುವ ಖರ್ಚು ಒಂದು ನೋಟುಬುಕ್ಕು, ಒಂದಷ್ಟು ಪೆಟ್ರೋಲು.

ಎರಡನೆಯ ಹಂತ: ಆ್ಯಪ್ ಇಲ್ಲದ ಪ್ರಾತ್ಯಕ್ಷಿಕೆ

ತೊಂದರೆ ನಿಜವೆಂದು ಕಂಡರೆ ಆರು ವಾರ ಕೈಯಿಂದಲೇ ನಡೆಸಿ ನೋಡಿ. ಒಂದು ವಾಟ್ಸಾಪ್ ಗುಂಪು, ಒಂದು ಮೊಬೈಲ್ ಸಂಖ್ಯೆ, ಒಂದು ಲೆಕ್ಕದ ಪುಸ್ತಕ ಸಾಕು. ಸಂಜೆ 6 ಗಂಟೆಯೊಳಗೆ ಬೆಳೆಗಾರರು "ನಾಳೆ ಶಿವಾಜಿನಗರ, ನಾಲ್ಕು ಮೂಟೆ" ಎಂದು ತಿಳಿಸಲಿ. ಬರೆಯಲು ಬಾರದವರು ಧ್ವನಿ ಸಂದೇಶ ಕಳಿಸಲಿ ಅಥವಾ ಕರೆ ಮಾಡಲಿ. ನೀವು ಕುಳಿತು ಮೂವರು ಮೂವರನ್ನು ಒಂದು ಗಾಡಿಗೆ ಹೊಂದಿಸಿ 8 ಗಂಟೆಯೊಳಗೆ ಉತ್ತರಿಸಿ. ಹಣವನ್ನು ಅವರವರೇ ಚಾಲಕನಿಗೆ ಕೊಡಲಿ.

ಪ್ರತಿದಿನ ಈ ಕೆಳಗಿನವನ್ನು ತಪ್ಪದೆ ಬರೆದಿಡಿ:

ಅ) ಎಷ್ಟು ಮಂದಿ ಕೇಳಿದರು, ಎಷ್ಟು ಮಂದಿಗೆ ಗಾಡಿ ಹೊಂದಿತು.
ಆ) ಹೊಂದಿಸಿದ ಮೇಲೂ ಬಾರದೆ ಉಳಿದವರು ಎಷ್ಟು, ಕಾರಣವೇನು.
ಇ) ಹೊಂದಿಸುವ ಕೆಲಸಕ್ಕೆ ನಿಮಗೆ ಹಿಡಿದ ಹೊತ್ತು.
ಈ) ನೀವು ನೆನಪಿಸದೆ ತಾವಾಗಿಯೇ ಸಂದೇಶ ಕಳಿಸಿದವರು ಎಷ್ಟು.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಮೊದಲ ವಾರ ಹೊಸತೆಂಬ ಉತ್ಸಾಹವಿರುತ್ತದೆ, ಎರಡನೆಯ ವಾರ ನಿಮ್ಮ ದಾಕ್ಷಿಣ್ಯವಿರುತ್ತದೆ. ಆರನೆಯ ವಾರದಲ್ಲಿಯೂ 24 ಮಂದಿಯಲ್ಲಿ 15 ಮಂದಿ ತಾವಾಗಿಯೇ ಕೇಳಿದರೆ ಬೀಜ ಮೊಳೆತಿದೆಯೆಂದು ತಿಳಿಯಿರಿ. ಐದಾರು ಮಂದಿಗಷ್ಟೇ ಇಳಿದರೆ ಪ್ರೋಗ್ರಾಂ ಬರೆಸಿದ ಮಾತ್ರಕ್ಕೆ ಅದು ಏರುವುದಿಲ್ಲ.

ಮೂರನೆಯ ಹಂತ: ಕಾಗದದ ಮೇಲೆ ನಕ್ಷೆ

ಈಗ ಆ್ಯಪಿನ ಪರದೆಗಳನ್ನು ಕಾಗದದ ಮೇಲೆ ಬರೆಯಿರಿ. ಒಂದು ಪರದೆಗೆ ಒಂದು ಹಾಳೆ. ಒಬ್ಬ ಬೆಳೆಗಾರರ ಮುಂದಿಟ್ಟು, "ನಾಳೆ ಗಾಡಿ ಬೇಕು ಅಂದ್ರೆ ಎಲ್ಲಿ ಒತ್ತುತ್ತೀರಿ?" ಎಂದು ಕೇಳಿ ಸುಮ್ಮನಿರಿ. ಅವರ ಬೆರಳು ಎಲ್ಲಿ ತಡವರಿಸುತ್ತದೆಯೋ ಅಲ್ಲಿ ನಕ್ಷೆ ಸರಿಯಿಲ್ಲ. ಕಾಗದವನ್ನು ತಿದ್ದಲು ನಾಲ್ಕಾಣೆ ಖರ್ಚಿಲ್ಲ. ಬರೆದ ಪ್ರೋಗ್ರಾಮನ್ನು ತಿದ್ದಿಸಲು ವಾರಗಳು ಬೇಕು.

ಎಲ್ಲವನ್ನೂ ಒಂದರಲ್ಲಿಯೇ ತುಂಬುವ ಆಸೆ ಇಲ್ಲಿಯೇ ಹುಟ್ಟುತ್ತದೆ. ಹವಾಮಾನ, ಪೇಟೆ ಧಾರಣೆ, ರೋಗದ ಚಿತ್ರ, ಬೀಜದ ಅಂಗಡಿ ಎಲ್ಲವೂ ಇರಲಿ ಎಂದು ಸಭೆಯಲ್ಲಿ ಒಬ್ಬೊಬ್ಬರೂ ಸೇರಿಸುತ್ತಾರೆ. ಹವಾಮಾನಕ್ಕೆ 2019ರಲ್ಲಿ ಭಾರತ ಹವಾಮಾನ ಇಲಾಖೆ ಮತ್ತಿತರ ಸಂಸ್ಥೆಗಳು ತಂದ 'ಮೇಘದೂತ್' ಆ್ಯಪ್ ಇದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸಲು ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ 'ದಿಶಾಂಕ್' ಇದೆ. ಬೇಸಾಯದ ಪ್ರಶ್ನೆಗಳಿಗೆ 2004ರಿಂದ ನಡೆಯುತ್ತಿರುವ ಕಿಸಾನ್ ಕರೆ ಕೇಂದ್ರ (1800-180-1551) ಕನ್ನಡದಲ್ಲಿಯೇ ಉತ್ತರಿಸುತ್ತದೆ. ಸರ್ಕಾರ ಉಚಿತವಾಗಿ ಕೊಡುತ್ತಿರುವುದನ್ನು ನೀವು ಹಣ ಕೊಟ್ಟು ಮತ್ತೆ ಕಟ್ಟಿಸುವುದು ಬೇಡ. ಮೊದಲ ಆವೃತ್ತಿಯಲ್ಲಿ ಒಂದೇ ಕೆಲಸವಿರಲಿ: ನಾಳೆಯ ಗಾಡಿ.

ನಾಲ್ಕನೆಯ ಹಂತ: ನಿರ್ಮಾಣ ಮತ್ತು ಕರಾರು

ಮನೆಯಲ್ಲಿಯೇ ಪ್ರೋಗ್ರಾಂ ಬಲ್ಲವರಿದ್ದರೆ ಒಳ್ಳೆಯದು. ಹೊರಗಿನವರಿಗೆ ವಹಿಸುವುದಾದರೆ ಬರವಣಿಗೆಯಲ್ಲಿ ಕರಾರು ಮಾಡಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಿರಿ. ಕೃತಿಸ್ವಾಮ್ಯ ಕಾಯಿದೆಯಂತೆ, ಹೊರಗಿನವರು ಗುತ್ತಿಗೆಯ ಮೇಲೆ ಬರೆದ ಪ್ರೋಗ್ರಾಮಿನ ಹಕ್ಕು, ಬರವಣಿಗೆಯಲ್ಲಿ ವರ್ಗಾಯಿಸದ ಹೊರತು, ಸಾಮಾನ್ಯವಾಗಿ ಬರೆದವರಲ್ಲಿಯೇ ಉಳಿಯುತ್ತದೆ. ಹಣ ಕೊಟ್ಟಿದ್ದೇವೆ, ಆದ್ದರಿಂದ ನಮ್ಮದೇ ಎಂದುಕೊಳ್ಳಬಾರದು. ಕರಾರಿನಲ್ಲಿ ಈ ಅಂಶಗಳಿರಲಿ:

1. ಪ್ರೋಗ್ರಾಮಿನ ಮೂಲ ಬರವಣಿಗೆಯ ಹಕ್ಕು ಸಂಘಕ್ಕೆ ವರ್ಗವಾಗತಕ್ಕದ್ದು. ಅದರ ಪ್ರತಿ ಪ್ರತಿ ತಿಂಗಳು ಸಂಘಕ್ಕೆ ತಲುಪತಕ್ಕದ್ದು.
2. ಗೂಗಲ್ ಪ್ಲೇ ಖಾತೆ, ಜಾಲತಾಣದ ಹೆಸರು, ಮಾಹಿತಿ ಇಡುವ ಸರ್ವರಿನ ಖಾತೆ ಎಲ್ಲವೂ ಸಂಘದ ಹೆಸರಿನಲ್ಲಿರತಕ್ಕದ್ದು.
3. ಹಣವನ್ನು ಕೆಲಸ ಮುಗಿದಂತೆ ಮೂರು ನಾಲ್ಕು ಕಂತುಗಳಲ್ಲಿ ಕೊಡತಕ್ಕದ್ದು. ಕೊನೆಯ ಕಂತು ಬೆಳೆಗಾರರ ಕೈಯಲ್ಲಿ ಒಂದು ತಿಂಗಳು ನಡೆದ ಮೇಲೆ.
4. ಒಂದು ವರ್ಷದ ದುರಸ್ತಿಯ ಹೊಣೆ ಯಾರದು, ಎಷ್ಟು ಹಣಕ್ಕೆ ಎಂಬುದು ಸ್ಪಷ್ಟವಾಗಿರತಕ್ಕದ್ದು.

ಗೂಗಲ್ ಪ್ಲೇಯಲ್ಲಿ ಖಾತೆ ತೆರೆಯಲು ಒಂದೇ ಬಾರಿಗೆ 25 ಡಾಲರ್ ಕಟ್ಟಬೇಕು. ಆಪಲ್ ಫೋನುಗಳಿಗಾದರೆ ವರ್ಷಕ್ಕೆ 99 ಡಾಲರ್. ನಮ್ಮ ಬೆಳೆಗಾರರ ಕೈಯಲ್ಲಿರುವುದು ಹೆಚ್ಚಾಗಿ ಆಂಡ್ರಾಯ್ಡ್ ಫೋನುಗಳೇ ಆದ್ದರಿಂದ ಎರಡನೆಯದನ್ನು ಸದ್ಯಕ್ಕೆ ಬಿಡಬಹುದು.

ನಿರ್ಮಾಣದಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದಾಗಿ ಭಾಷೆ. ಇಂಗ್ಲಿಷಿನಲ್ಲಿ ಬರೆದು ಕೊನೆಗೆ ಯಂತ್ರದಿಂದ ಕನ್ನಡಕ್ಕೆ ತಿರುಗಿಸಿದ ಆ್ಯಪುಗಳಲ್ಲಿ ಸೊಪ್ಪಿನ ಕಟ್ಟು, ಮೂಟೆ, ಮಂಕರಿ ಯಾವುದೂ ಸರಿಯಾಗಿ ಬರುವುದಿಲ್ಲ. ಹೊಸಕೋಟೆ, ಮಾಲೂರು ಗಡಿಯಲ್ಲಿ ತೆಲುಗು ಆಡುವವರೂ ಇದ್ದಾರೆ. ಓದುವ ಬದಲು ಕೇಳುವ ಅನುಕೂಲವಿದ್ದರೆ ಇನ್ನೂ ಒಳ್ಳೆಯದು. ಎರಡನೆಯದಾಗಿ ಸಿಗ್ನಲ್. ತೋಟದ ಮೂಲೆಯಲ್ಲಿ ಸಿಗ್ನಲ್ ಇಲ್ಲದಿದ್ದರೂ ಸಂದೇಶ ಫೋನಿನಲ್ಲಿ ಉಳಿದು, ಸಿಗ್ನಲ್ ಬಂದಾಗ ತಾನಾಗಿ ಹೋಗಬೇಕು. ಮೂರನೆಯದಾಗಿ ಗುಟ್ಟು. 2023ರ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆ ಒಪ್ಪಿಗೆಯಿಲ್ಲದೆ ಜನರ ಮಾಹಿತಿ ಬಳಸುವುದನ್ನು ನಿರ್ಬಂಧಿಸುತ್ತದೆ. ಗಾಡಿ ಹೊಂದಿಸಲು ಆಧಾರ್ ಸಂಖ್ಯೆಯಾಗಲಿ ಪಹಣಿಯಾಗಲಿ ಬೇಕಿಲ್ಲ. ಬೇಡದ್ದನ್ನು ಕೇಳಬೇಡಿ, ಕೇಳಿ ಕಾಪಾಡುವ ಹೊಣೆಯನ್ನು ತಲೆಗೆ ಕಟ್ಟಿಕೊಳ್ಳಬೇಡಿ.

ಐದನೆಯ ಹಂತ: ಹೊಲದ ಪರೀಕ್ಷೆ

ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಆ್ಯಪನ್ನು ಎಲ್ಲರಿಗೂ ಬಿಡುವ ಮುನ್ನ ಕನಿಷ್ಠ 12 ಮಂದಿಯಿಂದ 14 ದಿನ ಎಡೆಬಿಡದೆ ಪರೀಕ್ಷೆ ಮಾಡಿಸಬೇಕೆಂದು ಗೂಗಲ್ ನಿಯಮ ಮಾಡಿದೆ. 2023ರಲ್ಲಿ ಈ ಸಂಖ್ಯೆ 20 ಇತ್ತು, 2024ರ ಕೊನೆಯಲ್ಲಿ 12ಕ್ಕೆ ಇಳಿಸಲಾಯಿತು. ಅನೇಕರು ನಿಯಮ ಪೂರೈಸಲು ಗೆಳೆಯರ ಹೆಸರು ತುಂಬಿಸಿಬಿಡುತ್ತಾರೆ. ನೀವು ಹಾಗೆ ಮಾಡದೆ, ಕೈಯಿಂದ ನಡೆಸಿದ ಪ್ರಾತ್ಯಕ್ಷಿಕೆಯಲ್ಲಿದ್ದ ಬೆಳೆಗಾರರನ್ನೇ ಪರೀಕ್ಷಕರನ್ನಾಗಿ ಮಾಡಿಕೊಳ್ಳಿ.

ಹದಿನಾಲ್ಕು ದಿನ ನಮ್ಮ ಕೆಲಸಕ್ಕೆ ಸಾಲದು. ಮಳೆಗಾಲದಲ್ಲಿ ಸೊಪ್ಪು ಕೊಳೆತು ಗಾಡಿಯೇ ಬೇಡವಾಗುತ್ತದೆ. ಗೌರಿ ಹಬ್ಬ, ದಸರೆ, ರಂಜಾನ್ ತಿಂಗಳಲ್ಲಿ ಶಿವಾಜಿನಗರದ ಬೇಡಿಕೆಯೇ ಬದಲಾಗುತ್ತದೆ. ಒಂದು ಮುಂಗಾರು, ಒಂದು ಹಬ್ಬದ ಸಾಲು ದಾಟಿದ ಆ್ಯಪನ್ನು ಮಾತ್ರ ಪಕ್ಕದ ಹೋಬಳಿಗೆ ವಿಸ್ತರಿಸಿ.

ಬಳಕೆಯನ್ನು ಅಕ್ಕಪಕ್ಕದಲ್ಲಿ ಕುಳಿತು ಕಲಿಸುವ ಜನರೂ ಬೇಕು. ನಮ್ಮ ರಾಜ್ಯದ ಬೆಳೆ ಸಮೀಕ್ಷೆಯನ್ನೇ ನೋಡಿ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಹೊಲದ ಬೆಳೆಯ ಚಿತ್ರ ತೆಗೆದು ಕಳಿಸುವಂತೆ ಆ್ಯಪ್ ಕೊಡಲಾಯಿತು. ಅದರ ಜೊತೆಗೆ, ತಾವೇ ಮಾಡಲಾಗದ ರೈತರ ಹೊಲಗಳಿಗೆ ಹೋಗಿ ಚಿತ್ರ ತೆಗೆಯಲು ಊರಿನ ಯುವಕರನ್ನೂ ನೇಮಿಸಲಾಯಿತು. ಸರ್ಕಾರದ ಆ್ಯಪಿಗೇ ಊರಿನ ಹುಡುಗರ ಕೈ ಬೇಕಾದರೆ ನಿಮ್ಮ ಆ್ಯಪಿಗೆ ಬೇಡವೆ?

ಆರನೆಯ ಹಂತ: ಖರ್ಚು ಮತ್ತು ಆದಾಯದ ಲೆಕ್ಕ

ಈ ಲೆಕ್ಕವನ್ನು ಪ್ರೋಗ್ರಾಂ ಬರೆಸುವ ಮುನ್ನವೇ ಹಾಕಬೇಕು. ವಿವರಣೆಗಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ನಿಮ್ಮ ಊರಿನ ನಿಜವಾದ ಅಂಕಿಗಳನ್ನು ಹಾಕಿ ನೀವೇ ಗುಣಿಸಿಕೊಳ್ಳಿ.

ಒಬ್ಬ ಬೆಳೆಗಾರ ಸಣ್ಣ ಗಾಡಿಗೆ ಒಂದು ಸಲಕ್ಕೆ 700 ರೂ. ಕೊಡುತ್ತಾನೆಂದು ಇಟ್ಟುಕೊಳ್ಳಿ. ಮೂವರು ಕೂಡಿ 1,200 ರೂ.ಗೆ ದೊಡ್ಡ ಗಾಡಿ ಹಿಡಿದರೆ ತಲಾ 400 ರೂ. ಒಬ್ಬನಿಗೆ ಉಳಿಯುವುದು 300 ರೂ. ವಾರಕ್ಕೆ ಎರಡು ಸಲವಾದರೆ 600 ರೂ. ಇದು ಚಿಕ್ಕ ಹಣವಲ್ಲ, ಬೆಳೆಗಾರನಿಗೆ ಲಾಭ ಖಂಡಿತ.

ಈಗ ನಡೆಸುವವರ ಲೆಕ್ಕ. ಒಂದು ಸಲಕ್ಕೆ 10 ರೂ. ಶುಲ್ಕವಿಟ್ಟರೆ ಒಬ್ಬ ಬೆಳೆಗಾರನಿಂದ ನಾಲ್ಕು ವಾರದ ತಿಂಗಳಿಗೆ 80 ರೂ. ಬರುತ್ತದೆ. 24 ಮಂದಿಯಿಂದ 1,920 ರೂ. ಸರ್ವರ್ ಮತ್ತು ಸಂದೇಶಗಳಿಗೆ 1,500 ರೂ., ಸಂಜೆ ಹೊತ್ತು ನೋಡಿಕೊಳ್ಳುವ ಒಬ್ಬರಿಗೆ 6,000 ರೂ. ಎಂದರೆ ತಿಂಗಳ ಖರ್ಚು 7,500 ರೂ. ಆಗುತ್ತದೆ. ಆದಾಯ ಖರ್ಚಿನ ಕಾಲುಭಾಗ ಸ್ವಲ್ಪ ಮೀರುತ್ತದೆ, ಅಷ್ಟೆ. ಖರ್ಚು ಹುಟ್ಟಬೇಕಾದರೆ 94 ಮಂದಿ ಬೇಕು. ಶುಲ್ಕವನ್ನು 20 ರೂ. ಮಾಡಿದರೆ 47 ಮಂದಿ ಸಾಕು. ನಿರ್ಮಾಣಕ್ಕೆ ಹಾಕಿದ ಹಣ ಇದರಲ್ಲಿ ಸೇರಿಲ್ಲ.

ಈ ಲೆಕ್ಕದಿಂದ ಹೊರಡುವ ತೀರ್ಮಾನ ಸ್ಪಷ್ಟವಾಗಿದೆ. 24 ಮಂದಿಯ ಗುಂಪಿಗೆ ಆ್ಯಪ್ ಬೇಡ. ವಾಟ್ಸಾಪ್ ಗುಂಪು, ಲೆಕ್ಕದ ಪುಸ್ತಕವೇ ಸಾಕು, ಅದರಿಂದಲೇ ಅವರಿಗೆ ಪೂರ್ತಿ ಲಾಭ ಸಿಗುತ್ತದೆ. ಸುತ್ತಲ ಊರುಗಳಿಂದ ನೂರು ಮಂದಿ ಸೇರಿ, ಕೈಯಿಂದ ಹೊಂದಿಸಲು ಸಂಜೆಯ ಹೊತ್ತು ಸಾಲದೆ ಬಂದಾಗ ಆ್ಯಪ್ ಕೆಲಸಕ್ಕೆ ಬರುತ್ತದೆ. ಎರಡು ಗುಂಟೆಗೆ ಟ್ರ್ಯಾಕ್ಟರ್ ಕೊಳ್ಳುವವರುಂಟೆ?

ಶುಲ್ಕ ವಿಧಿಸುವ ಕ್ರಮಕ್ಕೆ ನಗರದಲ್ಲಿಯೇ ಒಂದು ಪಾಠವಿದೆ. ದೊಡ್ಡ ಕಂಪನಿಗಳು ಪ್ರತಿ ಸವಾರಿಯಲ್ಲಿ ಕಮಿಷನ್ ಹಿಡಿಯುತ್ತವೆಂದು ಬೆಂಗಳೂರಿನ ಆಟೊ ಚಾಲಕರಲ್ಲಿ ಬೇಸರವಿತ್ತು. ಆಟೊ ಚಾಲಕರ ಸಂಘವೊಂದರ ಜೊತೆಗೂಡಿ ಜಸ್‌ಪೇ ಸಂಸ್ಥೆ 2022ರ ನವೆಂಬರಿನಲ್ಲಿ 'ನಮ್ಮ ಯಾತ್ರಿ' ಆ್ಯಪನ್ನು ತಂದಿತು. ಕಮಿಷನ್ ಇಲ್ಲ, ಬಾಡಿಗೆ ಪೂರ್ತಿ ಚಾಲಕನದೇ. ಮೊದಲು ಉಚಿತವಾಗಿದ್ದು, 2023ರಲ್ಲಿ ದಿನಕ್ಕೆ 25 ರೂ. ಅಥವಾ ಸವಾರಿಗೆ 3 ರೂ. 50 ಪೈಸೆಯಂತೆ ಚಂದಾ ಇಡಲಾಯಿತು. ಬಳಸುವವರ ಸಂಘವನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಂಡದ್ದು, ಎಷ್ಟು ಕೊಡಬೇಕೆಂಬುದು ಚಾಲಕನಿಗೆ ಮುಂಚೆಯೇ ತಿಳಿದಿರುವುದು ಇವೆರಡೂ ರೈತ ಸಂಘಗಳು ಅನುಸರಿಸತಕ್ಕ ಕ್ರಮಗಳು.

ಕಲ್ಪನೆಯೇ ಬದಲಾಗಬೇಕಾಗಿ ಬರುವುದೂ ಉಂಟು. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ 'ನಿಂಜಾಕಾರ್ಟ್' ಮೊದಲು ಮನೆಮನೆಗೆ ದಿನಸಿ ಮುಟ್ಟಿಸಲು ಹೊರಟಿತ್ತು. ಅದು ಗಿಟ್ಟದೆಂದು ಕಂಡಾಗ ಆ ದಾರಿ ಬಿಟ್ಟು, ರೈತರಿಂದ ತರಕಾರಿ ಕೊಂಡು ಅಂಗಡಿಗಳಿಗೆ ಒದಗಿಸುವ ಕೆಲಸಕ್ಕೆ ತಿರುಗಿತು. ಮೊದಲ ಕಲ್ಪನೆಗೆ ಅಂಟಿಕೊಂಡಿದ್ದರೆ ಅದರ ಹೆಸರು ನಿಮ್ಮ ಊರಿಗೆ ಬರುತ್ತಿರಲಿಲ್ಲ.

ಧನಸಹಾಯ ಎಲ್ಲಿ ಸಿಗುತ್ತದೆ?

ಸಾಲ ಮಾಡುವ ಮುನ್ನ ಸಹಾಯಧನದ ದಾರಿಗಳನ್ನು ವಿಚಾರಿಸಿ. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ಕೃಷಿ ಉದ್ಯಮಶೀಲತಾ ಕಾರ್ಯಕ್ರಮದಲ್ಲಿ ಕಲ್ಪನೆಯ ಹಂತದಲ್ಲಿರುವವರಿಗೆ 5 ಲಕ್ಷ ರೂ.ವರೆಗೆ, ಆರಂಭಿಕ ಹಂತ ದಾಟಿದವರಿಗೆ 25 ಲಕ್ಷ ರೂ.ವರೆಗೆ ನೆರವು ಇದೆ. ಜೊತೆಗೆ ತರಬೇತಿಯೂ ದೊರೆಯುತ್ತದೆ. ರಾಜ್ಯ ಸರ್ಕಾರ 2017ರಲ್ಲಿ ಆರಂಭಿಸಿದ 'ಎಲಿವೇಟ್' ಕಾರ್ಯಕ್ರಮದಲ್ಲಿ ಆಯ್ಕೆಯಾದ ನವೋದ್ಯಮಗಳಿಗೆ 50 ಲಕ್ಷ ರೂ.ವರೆಗೆ ಅನುದಾನ ನೀಡಲಾಗಿದೆ. ಆಯಾ ವರ್ಷದ ನಿಯಮಗಳನ್ನು ವಿಚಾರಿಸಿಯೇ ಅರ್ಜಿ ಹಾಕಿ. ಎಲ್ಲಿ ಕೇಳಿದರೂ ಮೊದಲ ಪ್ರಶ್ನೆ ಒಂದೇ: ಎಷ್ಟು ಜನ ಈಗಾಗಲೇ ಬಳಸುತ್ತಿದ್ದಾರೆ? ಆರು ವಾರದ ನಿಮ್ಮ ಲೆಕ್ಕದ ಪುಸ್ತಕವೇ ಆಗ ನಿಮ್ಮ ಪರವಾಗಿ ಮಾತನಾಡುತ್ತದೆ.

2020ರಲ್ಲಿ ಆರಂಭವಾದ ಹತ್ತು ಸಾವಿರ ರೈತ ಉತ್ಪಾದಕರ ಸಂಸ್ಥೆಗಳ ಯೋಜನೆಯಡಿ ಪ್ರತಿ ಸಂಸ್ಥೆಗೆ ಮೂರು ವರ್ಷಕ್ಕೆ 18 ಲಕ್ಷ ರೂ.ವರೆಗೆ ನಿರ್ವಹಣಾ ನೆರವು ಇದೆ. ಕಚೇರಿ, ಕಾರ್ಯನಿರ್ವಾಹಕರ ಸಂಬಳ ಇವಕ್ಕಾಗಿ ಇರುವ ಹಣವದು. ಅದರ ಆಸರೆಯ ಮೇಲೆ ಆ್ಯಪಿಗೆ ದೊಡ್ಡ ಕರಾರು ಮಾಡಿಕೊಂಡರೆ ಮೂರು ವರ್ಷದ ನಂತರ ಸಂಸ್ಥೆಯೂ ಇರದು, ಆ್ಯಪೂ ಇರದು.

ನಿರ್ವಹಣೆ: ಬಿಡುಗಡೆಯ ನಂತರದ ಬೇಸಾಯ

ಬಿಡುಗಡೆಯಾದ ತಳಿಯ ಶುದ್ಧತೆ ಕಾಪಾಡಲು ಪ್ರತಿ ವರ್ಷ ಮೂಲ ಬೀಜ ಬೆಳೆಯಬೇಕು, ಬೆರಕೆ ಕಿತ್ತು ಹಾಕಬೇಕು. ಆ್ಯಪಿಗೂ ಅಂಥ ಆರೈಕೆ ತಪ್ಪದು. ಆಂಡ್ರಾಯ್ಡಿನ ಹೊಸ ಆವೃತ್ತಿಗಳು ವರ್ಷ ವರ್ಷ ಬರುತ್ತವೆ. ಹೊಸ ಆವೃತ್ತಿಗೆ ಹೊಂದಿಸದೆ ಬಿಟ್ಟ ಆ್ಯಪುಗಳು ಹೊಸ ಫೋನು ಕೊಂಡವರಿಗೆ ಪ್ಲೇ ಅಂಗಡಿಯಲ್ಲಿ ಕಾಣದೆ ಹೋಗುತ್ತವೆ. ಆದುದರಿಂದ ನಿರ್ಮಾಣಕ್ಕೆ ಇಟ್ಟ ಹಣದ ಐದನೆಯ ಒಂದು ಭಾಗವನ್ನಾದರೂ ಪ್ರತಿ ವರ್ಷದ ದುರಸ್ತಿಗೆಂದು ತೆಗೆದಿಡುವುದು ಕ್ಷೇಮ. ಸಂಜೆ ಹೊತ್ತು ಕರೆ ಮಾಡಿದರೆ ಎತ್ತುವ ಒಬ್ಬ ಮನುಷ್ಯ ಇರಲೇಬೇಕು. ಬೆಳೆಗಾರನ ಸೊಪ್ಪು ರಸ್ತೆ ಬದಿಯಲ್ಲಿ ಬಾಡುತ್ತಿರುವಾಗ ಆ್ಯಪಿನ ಒಳಗಿನ ವಿವರಣೆ ಓದಲು ಅವನಿಗೆ ವ್ಯವಧಾನವಿರುವುದಿಲ್ಲ.

ಎಲ್ಲಿ ನಿಲ್ಲಿಸಬೇಕು?

ಪ್ರತಿ ಹಂತಕ್ಕೂ ಒಂದು ಗಡಿಯನ್ನು ಮೊದಲೇ ಗೊತ್ತುಮಾಡಿ ಸಂಘದ ನಡಾವಳಿ ಪುಸ್ತಕದಲ್ಲಿ ಬರೆಸಿ. ಉದಾಹರಣೆಗೆ:

- ಇಪ್ಪತ್ತು ಮಂದಿಯಲ್ಲಿ ಹತ್ತು ಮಂದಿಗಾದರೂ ಈ ತೊಂದರೆ ವಾರವಾರ ಇಲ್ಲದಿದ್ದರೆ ಎರಡನೆಯ ಹಂತ ಬೇಡ.
- ಆರು ವಾರದ ನಂತರ ಅರ್ಧಕ್ಕಿಂತ ಕಡಿಮೆ ಮಂದಿ ತಾವಾಗಿ ಕೇಳಿದರೆ ಪ್ರೋಗ್ರಾಂ ಬೇಡ.
- ಒಂದು ವರ್ಷದಲ್ಲಿ ತಿಂಗಳ ಆದಾಯ ತಿಂಗಳ ಖರ್ಚನ್ನು ಮುಟ್ಟದಿದ್ದರೆ ಹೊಸ ಹಣ ಬೇಡ.
- ಮನೆಯ ಜಮೀನು, ಒಡವೆ, ಬೆಳೆ ಸಾಲದ ಹಣ ಯಾವ ಹಂತದಲ್ಲಿಯೂ ಬೇಡ.

ಗಡಿಯನ್ನು ಮೊದಲೇ ಬರೆಯದಿದ್ದರೆ, ಹಾಕಿದ ಹಣ ಬಿಡಲಾಗದೆ ಮತ್ತಷ್ಟು ಹಣ ಹಾಕುವುದು ಮನುಷ್ಯಸ್ವಭಾವ. ನೀರು ಬಾರದ ಕೊಳವೆ ಬಾವಿಯನ್ನು ಇನ್ನೂ ನೂರಡಿ, ಇನ್ನೂ ನೂರಡಿ ಎಂದು ಇಳಿಸುತ್ತ ಹೋದವರ ಕಷ್ಟ ನಮ್ಮ ಕೋಲಾರ, ಹೊಸಕೋಟೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ನಿಲ್ಲಿಸಿದ ಪ್ರಯತ್ನವೂ ವ್ಯರ್ಥವಲ್ಲ. ಆ್ಯಪ್ ಬರದಿದ್ದರೂ, ಆರು ವಾರದಲ್ಲಿ ಯಾರ ಸೊಪ್ಪು ಎಷ್ಟು ಹೊತ್ತಿಗೆ ಸಿದ್ಧವಾಗುತ್ತದೆ, ಯಾವ ಚಾಲಕ ನಂಬಿಕಸ್ಥ, ಯಾರು ಯಾರು ಕೂಡಿ ಹೋಗಬಲ್ಲರು ಎಂಬುದು ಊರಿಗೆ ತಿಳಿದಿರುತ್ತದೆ. ಆ ಮೂವರು ಮುಂದೆಯೂ ಒಂದೇ ಗಾಡಿಯಲ್ಲಿ ಹೋದರೆ ತಲಾ 300 ರೂ. ಅವರ ಜೇಬಿನಲ್ಲಿಯೇ ಉಳಿಯಿತು.

ಆದುದರಿಂದ ಆ್ಯಪಿನ ಯೋಚನೆಯಿರುವ ಯುವಕ ಯುವತಿಯರು ಈ ತಿಂಗಳು ಮಾಡಬೇಕಾದ ಕೆಲಸ ಇಷ್ಟೇ: ನೂರು ಹಾಳೆಯ ಒಂದು ನೋಟುಬುಕ್ಕು ಕೊಂಡು, ನಸುಕಿನ 4 ಗಂಟೆಗೆ ಊರ ಮುಂದಿನ ರಸ್ತೆಯಲ್ಲಿ ನಿಂತು, ಎಷ್ಟು ಗಾಡಿಗಳು ಪೇಟೆಗೆ ಹೊರಟವು, ಎಷ್ಟು ಅರ್ಧ ಖಾಲಿ ಹೋದವು ಎಂದು ಒಂದು ವಾರ ಎಣಿಸುವುದು. ಆ ಎಣಿಕೆಯೊಡನೆ ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ಬನ್ನಿ. ಅಲ್ಲಿಂದ ಮುಂದಿನ ಮಾತನ್ನು ಕೂಡಿ ಯೋಚಿಸಬಹುದು.